ಭಾರ ಹೊರುವ ಇಟ್ಟಿಗೆ: ಅಹಮದಾಬಾದಿನ ವಸತಿನಿಲಯಗಳ ಪ್ರಕರಣ

2020ರ ಡಿಸೆಂಬರ್ ಕೊನೆಯಲ್ಲಿ ಅಹಮದಾಬಾದಿನ ಐಐಎಂ, ಅಂದರೆ ಭಾರತೀಯ ನಿರ್ವಹಣಾ ಸಂಸ್ಥೆ, ಒಂದು ಪ್ರಕಟಣೆ ಹೊರಡಿಸಿತು. ಹಳೆಯ ಕ್ಯಾಂಪಸ್ಸಿನ 18 ವಸತಿನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಯೋಚನೆಯಿದೆ, ಆಸಕ್ತ ವಾಸ್ತುಶಿಲ್ಪಿಗಳು ಮುಂದೆ ಬರಬಹುದು ಎಂಬುದು ಅದರ ಸಾರ. ಹಾಸ್ಟೆಲ್ ಹಳೆಯದಾಯಿತು, ಸೋರುತ್ತಿದೆ, ಕೆಡವೋಣ ಎಂಬುದು ಸಾಮಾನ್ಯವಾಗಿ ಯಾವ ಊರಿನಲ್ಲೂ ಸುದ್ದಿಯಾಗುವುದಿಲ್ಲ. ಇದು ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ದೇಶವಿದೇಶಗಳ ವಾಸ್ತುಶಿಲ್ಪಿಗಳು, ಇತಿಹಾಸಕಾರರು, ಅಲ್ಲಿ ಓದಿಹೋದವರು ವಿರೋಧದ ಪತ್ರಗಳಿಗೆ ಸಹಿ ಹಾಕಿದರು. ಈ ಕಟ್ಟಡಗಳನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ತೀರಿಕೊಂಡು ಆಗಲೇ 46 ವರ್ಷವಾಗಿತ್ತು. ಅವರ ಮೂವರು ಮಕ್ಕಳೂ ಕೆಡವಬೇಡಿ ಎಂದು ಸಂಸ್ಥೆಗೆ ಬರೆದರು. 2021ರ ಜನವರಿ 1ರಂದು ಸಂಸ್ಥೆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಎರಡು ವರ್ಷ ತುಂಬುವ ಮೊದಲೇ, 2022ರ ನವೆಂಬರ್‌ನಲ್ಲಿ, ಇನ್ನೊಂದು ತೀರ್ಮಾನ ಬಂತು. ಜೀರ್ಣೋದ್ಧಾರವನ್ನು ಮುಂದುವರಿಸುವುದಿಲ್ಲ, ಕೆಲವು ಕಟ್ಟಡಗಳನ್ನು ಹೊರಮುಖ ಹಾಗೆಯೇ ಇರುವಂತೆ ಮತ್ತೆ ಕಟ್ಟಿ ಒಳಗೆ ಇಂದಿನ ಅನುಕೂಲಗಳನ್ನು ಒದಗಿಸುತ್ತೇವೆ ಎಂದು ಸಂಸ್ಥೆ ಹೇಳಿತು.

ಈ ಪ್ರಕರಣವನ್ನು ಪರಂಪರೆಗೂ ಸುರಕ್ಷತೆಗೂ ನಡುವಿನ ಜಗಳವೆಂದು ಬಣ್ಣಿಸಿದವರೇ ಹೆಚ್ಚು. ಹಾಗೆ ನೋಡಿದರೆ ಒಬ್ಬರು ಭಾವುಕರು, ಇನ್ನೊಬ್ಬರು ವ್ಯವಹಾರಸ್ಥರು ಎಂದು ಪಾತ್ರ ಹಂಚಿ ಮುಗಿಸಿಬಿಡಬಹುದು. ನನ್ನನ್ನು ಹಲವು ದಿನ ಕಾಡಿದ್ದು ಬೇರೆಯ ಪ್ರಶ್ನೆ. ಕಾನ್ ತಮ್ಮ ತತ್ತ್ವವನ್ನು ಭಾಷಣದಲ್ಲಿ ಹೇಳಿದ್ದಷ್ಟೇ ಅಲ್ಲ, ಇಟ್ಟಿಗೆಯಲ್ಲಿ ಕಟ್ಟಿಯೂ ತೋರಿಸಿದರು. ಇಟ್ಟಿಗೆ ಸವೆಯುತ್ತದೆ. ಅದು ಸವೆದಾಗ ಆ ತತ್ತ್ವದ ಯಾವ ಅಂಶವನ್ನು ಉಳಿಸಿಕೊಂಡರೆ ಕಟ್ಟಡ ಉಳಿಯಿತು ಎನ್ನಬಹುದು?

ಹಿನ್ನೆಲೆ

ಸಂಸ್ಥೆ ಹುಟ್ಟಿದ್ದು 1961ರ ಡಿಸೆಂಬರ್‌ನಲ್ಲಿ. ವಿಕ್ರಮ್ ಸಾರಾಭಾಯಿ, ಗಿರಣಿ ಉದ್ಯಮಿ ಕಸ್ತೂರ್‌ಭಾಯಿ ಲಾಲ್‌ಭಾಯಿ ಮೊದಲಾದವರು ಇದರ ಹಿಂದಿದ್ದರು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸಹಯೋಗವಿತ್ತು. ಕಟ್ಟಡಕ್ಕೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರನ್ನು ಕೇಳಿದಾಗ ಅವರು ಫಿಲಡೆಲ್ಫಿಯಾದ ಕಾನ್ ಅವರನ್ನು ಕರೆಸೋಣ ಎಂದರು. ಮುಂದೆ 2018ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ದೋಶಿಯವರಿಗೆ ಆಗ ಮೂವತ್ತೈದರ ಆಸುಪಾಸು. ತನಗೆ ಬಂದ ಇಷ್ಟು ದೊಡ್ಡ ಕೆಲಸವನ್ನು ಇನ್ನೊಬ್ಬರ ಕೈಗಿಟ್ಟು, ಜೊತೆಗೆ ನಿಂತು ದುಡಿಯಲು ಒಪ್ಪಿದ ಆ ದೊಡ್ಡ ಮನಸ್ಸನ್ನು ನಾನು ಪ್ರತಿ ಸಲವೂ ನೆನೆಯುತ್ತೇನೆ. ಅದೇ ಊರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮೂಲಕ ಕೆಲಸ ನಡೆಯಿತು. 1962ರಿಂದ ಕಾನ್ ಮತ್ತೆ ಮತ್ತೆ ಬಂದರು. 1974ರ ಮಾರ್ಚ್‌ನಲ್ಲಿ ಹೀಗೆಯೇ ಅಹಮದಾಬಾದಿಗೆ ಬಂದು ಹಿಂದಿರುಗುವಾಗ ನ್ಯೂಯಾರ್ಕಿನ ರೈಲು ನಿಲ್ದಾಣವೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಉಳಿದ ಕೆಲಸವನ್ನು ಅವರ ಕಚೇರಿಯಲ್ಲಿ ಪಳಗಿ ಬಂದಿದ್ದ ಅನಂತ ರಾಜೆ ಮುಂದುವರಿಸಿದರು.

ಇಟ್ಟಿಗೆಯ ಮಾತು

ಕಾನ್ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಒಂದು ಸಂಭಾಷಣೆ ವಾಸ್ತುಶಿಲ್ಪ ಓದಿದವರಿಗೆಲ್ಲ ಬಾಯಿಪಾಠ. ನೀನು ಇಟ್ಟಿಗೆಯನ್ನು ಕೇಳುತ್ತೀಯೆ, ನಿನಗೆ ಏನು ಬೇಕು ಎಂದು. ನನಗೆ ಕಮಾನು ಇಷ್ಟ ಎನ್ನುತ್ತದೆ ಇಟ್ಟಿಗೆ. ಕಮಾನಿಗೆ ಖರ್ಚು ಜಾಸ್ತಿ, ನಿನ್ನ ಮೇಲೆ ಕಾಂಕ್ರೀಟ್ ಲಿಂಟಲ್ ಹಾಕಿದರೆ ಸಾಲದೇ ಎಂದು ನೀನು ಹೇಳುತ್ತೀಯೆ. ನನಗೆ ಕಮಾನೇ ಇಷ್ಟ ಎನ್ನುತ್ತದೆ ಅದು. ಮಕ್ಕಳ ಕಥೆಯಂತಿರುವ ಈ ಮಾತಿನ ಹಿಂದೆ ಗಟ್ಟಿಯಾದ ಭೌತವಿಜ್ಞಾನವಿದೆ. ಇಟ್ಟಿಗೆ ಒತ್ತಡವನ್ನು ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಬಾಗಿಲ ಮೇಲೆ ಅಡ್ಡ ಮಲಗಿದ ತೊಲೆ ಭಾರಕ್ಕೆ ಬಾಗಿದಾಗ ಅದರ ಅಡಿಭಾಗ ಎಳೆಯಲ್ಪಡುತ್ತದೆ. ಅಲ್ಲಿ ಇಟ್ಟಿಗೆ ಇದ್ದರೆ ಬಿರಿಯುತ್ತದೆ. ಕಮಾನಿನಲ್ಲಿ ಮೇಲಿನ ಭಾರ ಇಟ್ಟಿಗೆಯಿಂದ ಇಟ್ಟಿಗೆಗೆ ಒತ್ತಡವಾಗಿಯೇ ಸಾಗಿ ನೆಲ ಮುಟ್ಟುತ್ತದೆ. ಇಟ್ಟಿಗೆಗೆ ಕಮಾನು ಇಷ್ಟ ಎಂದರೆ ಇಷ್ಟೇ ಅರ್ಥ: ತನ್ನಿಂದಾಗುವ ಕೆಲಸವನ್ನು ತನಗೆ ಕೊಡು.

ಈ ಕಥೆಯನ್ನು ಹೇಳುವವರು ಅಹಮದಾಬಾದಿನಲ್ಲಿ ನಿಜವಾಗಿ ಏನಾಯಿತು ಎಂಬುದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಅಲ್ಲಿಯ ಅನೇಕ ಕಮಾನುಗಳು ಅರ್ಧವೃತ್ತದಷ್ಟು ಎತ್ತರದವಲ್ಲ, ಹುಬ್ಬಿನಂತೆ ತೆಳುವಾಗಿ ಬಾಗಿದವು. ಕಮಾನು ಚಪ್ಪಟೆಯಾದಷ್ಟೂ ಅದರ ಎರಡು ಪಾದಗಳು ಹೊರಕ್ಕೆ ಜಾರಲು ಹವಣಿಸುತ್ತವೆ. ತಡೆಯಬೇಕಾದರೆ ಎರಡೂ ಬದಿಗೆ ದೈತ್ಯ ಗೋಡೆ ಬೇಕು. ಕಾನ್ ಮಾಡಿದ್ದೇ ಬೇರೆ. ಪಾದದಿಂದ ಪಾದಕ್ಕೆ ಒಂದು ಕಾಂಕ್ರೀಟ್ ತೊಲೆ ಹಾಯಿಸಿದರು. ಅದರ ಎರಡು ತುದಿಗಳು ಓರೆಯಾಗಿ ಅಗಲಗೊಂಡು ಕಮಾನಿನ ಪಾದಗಳನ್ನು ಹಿಡಿದುಕೊಳ್ಳುತ್ತವೆ. ಬಿಲ್ಲಿಗೆ ಹೆದೆ ಬಿಗಿದ ಹಾಗೆ. ಎಳೆತವನ್ನು ತಾಳಬಲ್ಲ ಕಬ್ಬಿಣ ಆ ತೊಲೆಯೊಳಗಿದೆ. ಒತ್ತಡ ಇಟ್ಟಿಗೆಯ ಪಾಲಿಗೆ, ಎಳೆತ ಕಾಂಕ್ರೀಟಿನ ಪಾಲಿಗೆ. ಇಟ್ಟಿಗೆ ಬೇಡವೆಂದ ಕಾಂಕ್ರೀಟು ಕೊನೆಗೂ ಬಂತು, ಆದರೆ ಇಟ್ಟಿಗೆಯ ಕೆಲಸ ಕಸಿಯುವುದಕ್ಕೆ ಬರಲಿಲ್ಲ, ಕಮಾನಿಗೆ ಕೈಕೊಟ್ಟು ನಿಂತಿತು.

ಆ ಜಾಗವನ್ನು ಹತ್ತಿರದಿಂದ ನೋಡಬೇಕು. ಕೆಂಪು ಇಟ್ಟಿಗೆ, ಅದರ ನಡುವೆ ಬೂದು ಬಣ್ಣದ ಪಟ್ಟಿ. ಯಾವುದನ್ನೂ ಮುಚ್ಚಿಲ್ಲ. ಗಿಲಾವಿಲ್ಲ, ಬಣ್ಣವಿಲ್ಲ. ಕಮಾನಿನ ಪಾದ ಎಲ್ಲಿ ಕೂತಿದೆ, ಯಾರ ಭಾರವನ್ನು ಯಾರು ಹೊತ್ತಿದ್ದಾರೆ, ಎಷ್ಟು ಇಟ್ಟಿಗೆ ಎಷ್ಟು ಅಗಲಕ್ಕೆ ಹರಡಿದೆ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಗಾರೆ ಕೆಲಸ ತಿಳಿದ ಯಾರೇ ಆದರೂ ಎದುರು ನಿಂತು ಆ ಗೋಡೆಯನ್ನು ಓದಬಹುದು. ಕಟ್ಟಡ ತನ್ನನ್ನು ಹೇಗೆ ಕಟ್ಟಲಾಯಿತು ಎಂಬುದನ್ನು ತಾನೇ ಹೇಳಬೇಕು ಎಂಬ ಕಾನ್ ಅವರ ನಂಬಿಕೆ ಇಲ್ಲಿ ಇದೆ, ಇಂಚಿಂಚಿನಲ್ಲೂ ಇದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಈ ಬೆಸುಗೆಯ ಬಿಂದುವೇ.

ಮರದ ಕೆಳಗೆ

ಇನ್ನೊಂದು ಎಳೆ ಕಲಿಕೆಯದು. ಶಾಲೆ ಎಂಬುದು ಹೇಗೆ ಶುರುವಾಯಿತು ಎಂದು ಕಾನ್ ಹೇಳುತ್ತಿದ್ದರು: ತಾನು ಗುರುವೆಂದು ತಿಳಿಯದ ಒಬ್ಬ ಮನುಷ್ಯ ಮರದ ಕೆಳಗೆ ಕೂತು, ತಾವು ಶಿಷ್ಯರೆಂದು ತಿಳಿಯದ ಕೆಲವರೊಡನೆ ತನಗೆ ಹೊಳೆದದ್ದನ್ನು ಮಾತಾಡಿದ. ಕೊಠಡಿ, ಗಂಟೆ, ಹಾಜರಿ ಎಲ್ಲ ಆಮೇಲೆ ಬಂದವು. ಹೊಸ ಶಾಲೆ ಕಟ್ಟುವವನು ಆ ಮೊದಲ ಗಳಿಗೆಗೆ ಮರಳಿ ಹೋಗಿ ಅಲ್ಲಿಂದ ಕಟ್ಟುತ್ತ ಬರಬೇಕು ಎಂಬುದು ಅವರ ವಾದ.

ವಸತಿನಿಲಯಗಳಲ್ಲಿ ಇದು ಕಾಣುವ ಬಗೆ ಸರಳ. ಉದ್ದನೆಯ ಓಣಿಯ ಎರಡೂ ಬದಿಗೆ ಸಾಲುಸಾಲು ಬಾಗಿಲು, ಇದು ನಾವು ಕಂಡ ಹಾಸ್ಟೆಲ್. ಕಾನ್ ಓಣಿಯನ್ನೇ ತೆಗೆದುಹಾಕಿದರು. ಹತ್ತು ಹತ್ತು ಕೋಣೆಗಳನ್ನು ಗುಂಪು ಮಾಡಿ, ಒಂದು ಮೆಟ್ಟಿಲು ಮತ್ತು ಚಹಾ ಮಾಡಿಕೊಳ್ಳುವ ಒಂದು ಹಜಾರದ ಸುತ್ತ ಕೂರಿಸಿದರು. ಕೋಣೆಯಿಂದ ಹೊರಬಂದವನು ಹಾದುಹೋಗುವ ದಾರಿಗೆ ಬೀಳುವುದಿಲ್ಲ, ನಿಂತು ಮಾತಾಡುವ ಜಾಗಕ್ಕೆ ಬೀಳುತ್ತಾನೆ. ರಾತ್ರಿ ಹನ್ನೊಂದಕ್ಕೆ ಲೋಟ ಹಿಡಿದು ಹೊರಟವನಿಗೆ ಅದೇ ಹೊತ್ತಿಗೆ ಎದ್ದ ಇನ್ನಿಬ್ಬರು ಎದುರಾಗುತ್ತಾರೆ, ಮರುದಿನದ ತರಗತಿಯ ಚರ್ಚೆ ಅಲ್ಲೇ ಶುರುವಾಗುತ್ತದೆ. ಒಂದೊಂದು ಪ್ರಕರಣವನ್ನು ಬಿಡಿಸಿ ವಾದಿಸುತ್ತ ಕಲಿಯುವ ಹಾರ್ವರ್ಡ್ ಪದ್ಧತಿಯನ್ನು ತಂದುಕೊಂಡ ಸಂಸ್ಥೆಗೆ ಇದಕ್ಕಿಂತ ಹೊಂದುವ ನೆಲನಕ್ಷೆ ನನಗೆ ತೋಚುವುದಿಲ್ಲ. ಇಲ್ಲಿ ಮರದ ಕೆಳಗಿನ ನೆರಳಿನ ಜಾಗವನ್ನು ಮೆಟ್ಟಿಲ ಪಕ್ಕದ ಹಜಾರ ತುಂಬಿದೆ.

ನೆರಳು ಎಂದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರದು. ನಿಲಯಗಳನ್ನು ಕರ್ಣರೇಖೆಯಲ್ಲಿ ಓರೆಯಾಗಿ ಜೋಡಿಸಿ, ಗಾಳಿ ಬರುವ ದಿಕ್ಕಿಗೆ ತೆರೆದು, ಗಾಜಿಲ್ಲದ ದೊಡ್ಡ ಬಾಯಿಗಳ ಹಿಂದೆ ಆಳವಾದ ನೆರಳನ್ನು ಇಟ್ಟರು. ಪ್ರಾಚೀನ ರೋಮ್ ಮತ್ತು ಈಜಿಪ್ಟಿನ ಅವಶೇಷಗಳನ್ನು 1950ರ ಹೊತ್ತಿಗೆ ಕಣ್ಣಾರೆ ಕಂಡು ಬಂದಿದ್ದ ಕಾನ್, ಕಟ್ಟಡದ ಸುತ್ತ ಅವಶೇಷವನ್ನು ಸುತ್ತುವ ಮಾತಾಡುತ್ತಿದ್ದರು. ಬಿಸಿಲನ್ನು ತಾಳಲು ಹೊರಗೊಂದು ಬರಿ ಗೋಡೆ, ಬದುಕಲು ಒಳಗೊಂದು ಗೋಡೆ. ಅಂಥ ಮನುಷ್ಯನ ಕಟ್ಟಡ ಅವಶೇಷವಾಗುವ ದಾರಿ ಹಿಡಿದದ್ದನ್ನು ಕಂಡಾಗ ಮನಸ್ಸು ಹಿಂಡಿದಂತಾಗುತ್ತದೆ.

ಸವೆತ

ಸಂಸ್ಥೆಯ ದೂರುಗಳನ್ನು ಹಗುರವಾಗಿ ನೋಡುವಂತಿಲ್ಲ. ಚಾವಣಿಯಿಂದ ಕಾಂಕ್ರೀಟಿನ ತುಂಡುಗಳು ಉದುರುತ್ತಿವೆ, ಗೋಡೆ ಸೋರುತ್ತಿದೆ, 2001ರ ಜನವರಿ 26ರ ಭೂಕಂಪದಲ್ಲಿ ಕಟ್ಟಡಗಳು ಪೆಟ್ಟು ತಿಂದಿವೆ, ಆಗ ಬಳಸಿದ ಇಟ್ಟಿಗೆಯೇ ಎರಡನೇ ದರ್ಜೆಯದು, ಅಲ್ಲಿ ಮಲಗುವ ವಿದ್ಯಾರ್ಥಿಗಳ ಜೀವಕ್ಕೆ ಅಪಾಯವಿದೆ ಎಂದು ಅದು ಹೇಳಿತು. ಮಕ್ಕಳ ತಲೆಯ ಮೇಲೆ ಏನು ಬೀಳಬಹುದು ಎಂದು ಯೋಚಿಸಬೇಕಾದವರು ಆಡಳಿತದವರೇ. ದೂರದಲ್ಲಿ ಕೂತು ಸಹಿ ಹಾಕುವವರಿಗೆ ಆ ಹೊಣೆಯಿಲ್ಲ.

ಒಂದು ಇಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ. ಬಿಸಿಲು ಬಂದಾಗ ನೀರು ಆರುತ್ತದೆ, ನೀರಿನಲ್ಲಿ ಕರಗಿದ್ದ ಲವಣ ಆರುವುದಿಲ್ಲ. ಅದು ಮೈಮೇಲೆ ಬಿಳಿಯಾಗಿ ಮೂಡುತ್ತದೆ, ಇಲ್ಲವೇ ಮೈಯೊಳಗೇ ಹರಳುಗಟ್ಟಿ ಪದರ ಪದರವಾಗಿ ಇಟ್ಟಿಗೆಯನ್ನು ಉದುರಿಸುತ್ತದೆ. ಅದೇ ನೀರು ಸಂದಿನ ಗಾರೆಯೊಳಗೆ ಇಳಿದು, ಗೋಡೆಯನ್ನು ಬಲಪಡಿಸಲೆಂದು ಹುದುಗಿಸಿದ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಗೋಡೆಯೊಳಗೆ ಜಾಗವೆಲ್ಲಿದೆ? ಸರಳು ಉಬ್ಬಿ ಇಟ್ಟಿಗೆಯನ್ನು ಒಳಗಿನಿಂದ ಸೀಳುತ್ತದೆ. ಭೂಕಂಪದಿಂದ ಕಾಪಾಡಲು ಇಟ್ಟದ್ದೇ ಐವತ್ತು ವರ್ಷಗಳ ಬಳಿಕ ಗೋಡೆ ಬಿರಿಯಲು ಕಾರಣವಾಯಿತು.

ಇಲ್ಲಿ ಕಾನ್ ಅವರ ತತ್ತ್ವಕ್ಕೂ ಪಾಲಿದೆ, ಅದನ್ನು ಅವರ ಅಭಿಮಾನಿಯಾದ ನಾನು ಮುಚ್ಚಿಡಲಾರೆ. ಇಟ್ಟಿಗೆ ತನ್ನ ನಿಜವನ್ನು ತೋರಲಿ ಎಂದು ಗಿಲಾವು ಬಿಟ್ಟಾಗ, ಮಳೆಗೆ ಅಡ್ಡ ನಿಲ್ಲುವ ಒಂದು ಪದರವೂ ಹೋಯಿತು. ಗಿಲಾವು ಸುಳ್ಳು ಹೇಳುತ್ತದೆ ನಿಜ, ಆದರೆ ಅದು ಕೊಡೆಯೂ ಹೌದು. ಬರಿಮೈಯಲ್ಲಿ ನಿಲ್ಲುವ ಗೋಡೆಗೆ ಉತ್ತಮವಾಗಿ ಸುಟ್ಟ ಇಟ್ಟಿಗೆ ಬೇಕು, ಗಟ್ಟಿಯಾಗಿ ತುಂಬಿದ ಸಂದು ಬೇಕು, ನೀರು ಹರಿದುಹೋಗುವ ಅಂಚು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಮಳೆಗಾಲಕ್ಕೆ ಮೊದಲು ಏಣಿ ಇಟ್ಟು ನೋಡುವ ಕಣ್ಣು ಬೇಕು. ಸತ್ಯ ಹೇಳುವ ಗೋಡೆಯ ಆರೈಕೆ ದುಬಾರಿ. ಆ ಖರ್ಚಿಗೆ ದಾರಿ ಮಾಡಿಡದೆ ಕಟ್ಟಿದ್ದು ಮತ್ತು ಕಟ್ಟಿಸಿಕೊಂಡದ್ದು, ಎರಡೂ ತಪ್ಪೇ.

ನಮ್ಮ ಹಳೆಯ ಶಾಸನಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರಿದದ್ದು, ಸವೆದದ್ದನ್ನು ಸರಿಮಾಡುವುದಕ್ಕೆ ಎಂದು ದಾನದ ಭೂಮಿಯನ್ನು ಬಿಡುತ್ತಿದ್ದರು, ಪೂಜೆಗೆ ಬಿಟ್ಟ ಹಾಗೆಯೇ. ದೇಗುಲ ಕಟ್ಟುವಾಗಲೇ ಅದು ಬಿರಿಯುತ್ತದೆ ಎಂದು ಅವರಿಗೆ ಗೊತ್ತಿತ್ತು, ದುಡ್ಡಿನ ಮೂಲವನ್ನೂ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಇಪ್ಪತ್ತನೇ ಶತಮಾನದ ಆಧುನಿಕ ವಾಸ್ತುಶಿಲ್ಪಕ್ಕೆ ಈ ಅರಿವು ಕಡಿಮೆ. ಉದ್ಘಾಟನೆಯ ದಿನದ ಛಾಯಾಚಿತ್ರದಂತೆಯೇ ಕಟ್ಟಡ ಇರುತ್ತದೆ ಎಂದು ಅದು ನಂಬಿತು.

ಜೀರ್ಣೋದ್ಧಾರದ ಪ್ರಯತ್ನವೂ ನಡೆದಿತ್ತು. ವಾಸ್ತುಶಿಲ್ಪಿ ಬೃಂದಾ ಸೋಮಯ ಅವರ ತಂಡ ಕ್ಯಾಂಪಸ್ಸಿನ ವಿಕ್ರಮ್ ಸಾರಾಭಾಯಿ ಗ್ರಂಥಾಲಯವನ್ನು ಸರಿಪಡಿಸಿತು. 2019ರಲ್ಲಿ ಅದಕ್ಕೆ ಯುನೆಸ್ಕೊದ ಏಷ್ಯಾ ಪೆಸಿಫಿಕ್ ಸಂರಕ್ಷಣಾ ಪ್ರಶಸ್ತಿ ಬಂತು. ಡಿ15 ಎಂಬ ನಿಲಯವನ್ನು ಮಾದರಿಯಾಗಿ ದುರಸ್ತಿ ಮಾಡಿದರು. ಅಂದರೆ 2020ರಲ್ಲಿ ಕೆಡವುವ ಮಾತು ಬಂದಾಗ, ಸರಿಪಡಿಸಿದ ಕಟ್ಟಡಗಳು ಅದೇ ಆವರಣದಲ್ಲಿ ನಿಂತಿದ್ದವು. ಪ್ರತಿಭಟನೆಗೆ ಅಷ್ಟು ಬಲ ಬಂದದ್ದು ಇದರಿಂದಲೇ ಎಂದು ನನ್ನ ಎಣಿಕೆ.

ಚಮಚದ ವಾದ

ಈಗ ಪುನರ್ನಿರ್ಮಾಣದ ಪ್ರಶ್ನೆಗೆ ಬರೋಣ. ಇಲ್ಲಿ ಎರಡೂ ಪಕ್ಷದವರು ಕಾನ್ ಅವರನ್ನೇ ಸಾಕ್ಷಿಗೆ ಕರೆಯಬಹುದು ಎಂಬುದು ಪ್ರಕರಣದ ಅತ್ಯಂತ ಕಠಿಣ ಭಾಗ.

ಕಾನ್ ರೂಪ ಮತ್ತು ವಿನ್ಯಾಸಗಳನ್ನು ಬೇರೆ ಮಾಡಿ ನೋಡುತ್ತಿದ್ದರು. ಅವರು ಕೊಟ್ಟ ಉದಾಹರಣೆ ಚಮಚದ್ದು. ಹಿಡಿ ಮತ್ತು ಬಟ್ಟಲು, ಬೇರೆ ಮಾಡಲಾಗದ ಎರಡು ಭಾಗ, ಇದು ಚಮಚದ ರೂಪ. ಬೆಳ್ಳಿಯದೋ ಮರದ್ದೋ, ದೊಡ್ಡದೋ ಚಿಕ್ಕದೋ, ಅದು ವಿನ್ಯಾಸ. ರೂಪ ಎಂದರೆ ಏನು ಎಂಬುದು, ವಿನ್ಯಾಸ ಎಂದರೆ ಹೇಗೆ ಎಂಬುದು. ರೂಪಕ್ಕೆ ವಸ್ತುವಿಲ್ಲ, ಅಳತೆಯಿಲ್ಲ. ಈ ಮಾತನ್ನು ಹಿಡಿದು ಹೊಸದಾಗಿ ಕಟ್ಟುವವರು ಕೇಳಬಹುದು: ವಸತಿನಿಲಯದ ರೂಪ ಎಂದರೆ ಹತ್ತು ಕೋಣೆ, ಒಂದು ಮೆಟ್ಟಿಲು, ನೆರಳಿನ ಹಜಾರ. ಅದನ್ನು ಉಳಿಸಿದರೆ ಕಾನ್ ಉಳಿದಂತೆ. ಸವೆದ ಇಟ್ಟಿಗೆಗೆ ಜೋತುಬೀಳುವುದೇಕೆ? ಮರದ ಚಮಚ ಮುರಿದರೆ ಇನ್ನೊಂದನ್ನು ಕೆತ್ತಿಕೊಳ್ಳುವುದಿಲ್ಲವೇ?

ವಾದ ಬಲವಾಗಿದೆ. ಜಪಾನಿನ ಇಸೆಯಲ್ಲಿ ಶಿಂಟೊ ಮಂದಿರವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸ ಮರದಿಂದ ಕಟ್ಟುತ್ತಾರೆ, ಅದನ್ನು ನಕಲು ಎಂದು ಯಾರೂ ಅನ್ನುವುದಿಲ್ಲ. ಅಲ್ಲಿ ಉಳಿಯುವುದು ಬಡಗಿಯ ಕೈಯ ಅರಿವು. ಹಾಗಾಗಿ ಇಟ್ಟಿಗೆ ಬದಲಾದ ಮಾತ್ರಕ್ಕೆ ಕಟ್ಟಡ ಸತ್ತಿತು ಎಂದು ನಾನು ಹೇಳುವುದಿಲ್ಲ. ಒಂದೊಂದು ಇಟ್ಟಿಗೆಯನ್ನೂ ಬದಲಿಸಿ ಮತ್ತೆ ಅದೇ ವರಸೆಯಲ್ಲಿ ಕೂರಿಸಿದರೆ ನನಗೆ ತಕರಾರಿಲ್ಲ.

ತಕರಾರು ಇರುವುದು 'ಹೊರಮುಖ ಹಾಗೆಯೇ' ಎಂಬ ಮಾತಿನಲ್ಲಿ. ಕಾನ್ ಕಟ್ಟಿದ ಗೋಡೆಗೆ ಹೊರಮುಖ ಎಂಬ ಪ್ರತ್ಯೇಕ ವಸ್ತುವೇ ಇಲ್ಲ. ಹೊರಗೆ ಕಾಣುವ ಇಟ್ಟಿಗೆಯೇ ಒಳಗಿನ ಭಾರವನ್ನು ಹೊತ್ತದ್ದು. ಇಂದಿನ ರೂಢಿಯಂತೆ ಒಳಗೆ ಕಾಂಕ್ರೀಟಿನ ಕಂಬ ತೊಲೆಗಳ ಚೌಕಟ್ಟು ನಿಲ್ಲಿಸಿ, ಹೊರಗೆ ಅದೇ ಬಣ್ಣದ ಇಟ್ಟಿಗೆಯನ್ನು ಕಮಾನಿನ ಆಕಾರದಲ್ಲಿ ಅಂಟಿಸಿದರೆ, ಛಾಯಾಚಿತ್ರದಲ್ಲಿ ವ್ಯತ್ಯಾಸ ಕಾಣದಿರಬಹುದು. ಆದರೆ ಆ ಕಮಾನು ಏನನ್ನೂ ಹೊರುವುದಿಲ್ಲ. ಅದರ ಪಾದಗಳು ಎತ್ತಲೂ ಜಾರುವುದಿಲ್ಲ, ಹಾಗಾಗಿ ಕೆಳಗಿನ ಬೂದು ತೊಲೆ ಯಾರನ್ನೂ ಹಿಡಿದುಕೊಂಡಿರುವುದಿಲ್ಲ. ಬಾಣ ಹೂಡದ ಬಿಲ್ಲಿಗೆ ಬಣ್ಣದ ದಾರ ಕಟ್ಟಿದ ಹಾಗೆ. ಚಮಚದ ವಾದ ಇಲ್ಲಿ ಮುರಿದುಬೀಳುತ್ತದೆ, ಏಕೆಂದರೆ ಬಟ್ಟಲಿಲ್ಲದ ಚಮಚದ ಚಿತ್ರವನ್ನು ಯಾರೂ ಚಮಚ ಎನ್ನುವುದಿಲ್ಲ. ಭಾರ ಹೊರುವುದು ಈ ಗೋಡೆಯ ವಿನ್ಯಾಸದ ಒಂದು ವಿವರ ಮಾತ್ರವಲ್ಲ, ಅದರ ರೂಪದೊಳಗೇ ಇರುವ ಗುಣ. ಅದೇ ವರ್ಷಗಳಲ್ಲಿ ಢಾಕಾದ ಸಂಸತ್ ಭವನಕ್ಕೆ ಕಾನ್ ಕಾಂಕ್ರೀಟನ್ನು ಆರಿಸಿದರು, ಅಲ್ಲಿ ಅದನ್ನು ಕಾಂಕ್ರೀಟಾಗಿಯೇ ತೋರಿಸಿದರು. ವಸ್ತು ಯಾವುದಾದರೂ ಇರಲಿ, ತೋರುವ ಕೆಲಸವನ್ನೇ ಅದು ಮಾಡುತ್ತಿರಬೇಕು.

ಹಾಗಾದರೆ ಭೂಕಂಪದ ಪ್ರಶ್ನೆ? 2001ರಲ್ಲಿ ಅಹಮದಾಬಾದಿನಲ್ಲಿ ಕುಸಿದು ಜೀವ ತೆಗೆದವುಗಳಲ್ಲಿ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಗಳು ಹಲವು. ಕೆಳಗೆ ವಾಹನ ನಿಲ್ಲಿಸಲು ಗೋಡೆಯಿಲ್ಲದ ಬರಿ ಕಂಬಗಳ ಮೇಲೆ ನಿಂತಿದ್ದಂಥವು. ಕಾನ್ ಕಟ್ಟಿದ ನಿಲಯಗಳು ಬಿರುಕು ಬಿಟ್ಟರೂ ನಿಂತವು. ಇಟ್ಟಿಗೆ ಗೋಡೆ ಅಪಾಯವಿಲ್ಲದ್ದು ಎಂದು ಇದರಿಂದ ಸಾಬೀತಾಗುವುದಿಲ್ಲ. ಚೌಕಟ್ಟು ಎಂದ ಕೂಡಲೇ ಸುರಕ್ಷತೆ, ಇಟ್ಟಿಗೆ ಎಂದ ಕೂಡಲೇ ಅಪಾಯ ಎಂಬ ಲೆಕ್ಕ ಸರಿಯಲ್ಲ ಎಂಬುದಂತೂ ತಿಳಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಸರಳು, ಚೆನ್ನಾಗಿ ಸುಟ್ಟ ಇಟ್ಟಿಗೆ, ನೀರು ಇಳಿಯದ ತಾರಸಿ, ಇವುಗಳೊಂದಿಗೆ ಭಾರ ಹೊರುವ ಗೋಡೆಯನ್ನು ಇಂದು 1960ರ ದಶಕಕ್ಕಿಂತ ಚೆನ್ನಾಗಿ ಕಟ್ಟಬಹುದು. ಖರ್ಚು ಹೆಚ್ಚು, ಹೊತ್ತು ಹೆಚ್ಚು, ನುರಿತ ಕೈಗಳೂ ಬೇಕು. ಕಮಾನಿಗೆ ಖರ್ಚು ಜಾಸ್ತಿ ಎಂಬ ಮಾತು ಆ ಸಂಭಾಷಣೆಯಲ್ಲೇ ಇದೆಯಲ್ಲ.

ಮತ್ತೆ ಕಟ್ಟುವ ನಿಲಯಗಳ ನಕ್ಷೆ ಯಾರ ಕೈಯಿಂದಲಾದರೂ ಬರಲಿ, ನಾನು ಮೊದಲು ನೋಡುವುದು ಒಂದೇ ಕಡೆ. ಕೋಣೆಗಳು ಎಷ್ಟು, ಹವಾನಿಯಂತ್ರಣದ ಕೊಳವೆ ಎಲ್ಲಿ ಹಾಯುತ್ತದೆ, ಬಣ್ಣ ಹೊಂದಿತೇ ಎಂಬುದೆಲ್ಲ ಆಮೇಲೆ. ಕಮಾನಿನ ಪಾದ ಬೂದು ತೊಲೆಯ ಓರೆ ತುದಿಯ ಮೇಲೆ ಕೂರುವ ಆ ಗೇಣುದ್ದದ ಜಾಗದಲ್ಲಿ ಎಂಜಿನಿಯರು ಬರೆದಿರುವ ಭಾರದ ಅಂಕಿ ಎಷ್ಟು ಎಂದು ನೋಡುತ್ತೇನೆ. ಅದು ಸೊನ್ನೆಯಾಗಿದ್ದರೆ, 2020ರ ಡಿಸೆಂಬರ್‌ನಲ್ಲಿ ಆಗದೆ ನಿಂತದ್ದು ಆಗಿಹೋಯಿತು ಎಂದು ತಿಳಿದುಕೊಳ್ಳುತ್ತೇನೆ.